ಮುನ್ನೂರು ಬರಬೇಕಾದಲ್ಲಿ ತೊಂಬತ್ನಾಲ್ಕು!
ಮನೆಯ ಇಂಟರ್‌ನೆಟ್ ಕುಂಟಿದಾಗ ದೂರು ಕೊಡುವ ಮೊದಲು ನೋಡಬೇಕಾದ್ದೇನು?

ರಾತ್ರಿ ಎಂಟು ಗಂಟೆ. ಬಸವೇಶ್ವರನಗರದ 30–40 ಸೈಟಿನ ಮಹಡಿ ಮನೆಯೊಂದನ್ನು ಕಣ್ಣೆದುರು ತಂದುಕೊಳ್ಳಿ. ಕೆಳಗೆ ಹಾಲಿನಲ್ಲಿ ಟಿ.ವಿ. ಧಾರಾವಾಹಿ, ಅಡುಗೆಮನೆಯಲ್ಲಿ ಕುಕ್ಕರಿನ ಮೂರನೇ ಕೂಗು. ಮಹಡಿಯ ಕೋಣೆಯಲ್ಲಿ ದ್ವಿತೀಯ ಪಿಯುಸಿ ಓದುವ ಮಗಳು ಕಂಪ್ಯೂಟರ್ ಮುಂದೆ ಕುಳಿತಿದ್ದಾಳೆ. ಪರದೆಯ ಮೇಲೆ ಭೌತಶಾಸ್ತ್ರದ ಮೇಷ್ಟ್ರು ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನವನ್ನು ವಿವರಿಸುತ್ತಿದ್ದಾರೆ. ‘ಈಗ ಈ ಕ್ರಾಂತಿ ಕೋನ ಇದೆಯಲ್ಲ...’ ಎಂದವರು ತೆರೆದ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಪರದೆಯ ನಡುವೆ ಒಂದು ಚಕ್ರ ಗಿರಗಿರನೆ ತಿರುಗತೊಡಗಿತು. ಮೇಷ್ಟ್ರು ಮತ್ತೆ ಚಲಿಸುವ ಹೊತ್ತಿಗೆ ಲೆಕ್ಕದ ಅರ್ಧ ಮುಗಿದಿತ್ತು.

‘ಅಪ್ಪಾ, ನೆಟ್ ಮತ್ತೆ ನಿಂತೋಯ್ತು!’

‘ತಿಂಗಳು ತಿಂಗಳೂ ಮುನ್ನೂರರ ಪ್ಲಾನಿಗೆ ದುಡ್ಡು ಕಟ್ತಿದೀನಿ. ಕಂಪನಿಯವರದ್ದೇ ಮೋಸ. ನಾಳೆನೇ ಬೇರೆ ಕಂಪನಿಗೆ ಬದಲಾಯಿಸಿಬಿಡ್ತೀನಿ’ ಎಂದು ಅಪ್ಪ ಸಿಡಿಮಿಡಿಗೊಂಡರು.

ದೂರವಾಣಿ ಇಲಾಖೆಯಲ್ಲಿ ಲೈನು ರಿಪೇರಿ ಮಾಡಿ ನಿವೃತ್ತರಾದ ತಾತ ಪತ್ರಿಕೆಯಿಂದ ತಲೆ ಎತ್ತಿದರು. ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ನಿನ್ನ ಕಥೆ. ಜ್ವರ ಎತ್ತಿಗೋ ಎಮ್ಮೆಗೋ ಮೊದಲು ನೋಡೋಣ, ಇರಪ್ಪ.’

ಇದು ಕಲ್ಪನೆಯ ಮನೆಯೇ ಇರಬಹುದು. ಆದರೆ ರಾಜಾಜಿನಗರ, ವಿಜಯನಗರ, ಕೆಂಗೇರಿ ಉಪನಗರಗಳ ಎಷ್ಟೋ ಮನೆಗಳಲ್ಲಿ ಈ ಸಂಭಾಷಣೆ ನಡೆಯುತ್ತಲೇ ಇರುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳು ಬಾಗಿಲು ಮುಚ್ಚಿದಾಗ ಪಾಠ ಮನೆಯೊಳಕ್ಕೆ ಬಂತು. ಶಾಲೆಗಳು ತೆರೆದ ಮೇಲೂ ಅದು ಪೂರ್ತಿಯಾಗಿ ಹೊರಹೋಗಲಿಲ್ಲ. ಟ್ಯೂಷನ್, ಮಾದರಿ ಪರೀಕ್ಷೆ, ಸಿಇಟಿ ಮುಗಿದ ಮೇಲೆ ಕಾಲೇಜು ಆರಿಸುವ ‘ಆಪ್ಷನ್ ಎಂಟ್ರಿ’ ಎಲ್ಲಕ್ಕೂ ಇಂಟರ್‌ನೆಟ್ ಬೇಕು. ಗಡಿಯಾರ ಓಡುತ್ತಿರುವ ಪರೀಕ್ಷೆಯ ನಡುವೆ ಚಕ್ರ ತಿರುಗತೊಡಗಿದರೆ ಆ ಕ್ಷಣದ ಸಂಕಟ ಮಕ್ಕಳಿಗೇ ಗೊತ್ತು. ವೈ-ಫೈ ನಂಬಲಾಗದೆಂದು ತಂತಿ ಎಳೆಸಿಕೊಂಡ ಮನೆಯಲ್ಲೂ ಹೀಗಾದರೆ ಏನು ಮಾಡಬೇಕು?

ಐವತ್ತಾರರಿಂದ ಮುನ್ನೂರಕ್ಕೆ

ಮೊದಲು ಈ ‘ಮುನ್ನೂರು’ ಎಂದರೇನು ನೋಡೋಣ. ಕಂಪ್ಯೂಟರಿನ ಭಾಷೆಯಲ್ಲಿ ಒಂದು ಸೊನ್ನೆ ಅಥವಾ ಒಂದು ಒಂದು, ಇದೇ ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಕಂಪನಿಗಳು ವೇಗವನ್ನು ಬಿಟ್‌ನಲ್ಲಿ ಹೇಳುತ್ತವೆ. ಕಡತ ಇಳಿಸಿಕೊಳ್ಳುವಾಗ ಪರದೆ ಹೆಚ್ಚಾಗಿ ಬೈಟ್‌ನಲ್ಲಿ ತೋರಿಸುತ್ತದೆ. ಸೆಕೆಂಡಿಗೆ 300 ಮೆಗಾಬಿಟ್ ಎಂದರೆ 37.5 ಮೆಗಾಬೈಟ್ ಮಾತ್ರ. ‘ಮುನ್ನೂರು ಅಂದರು, ಮೂವತ್ತೇಳು ಬರ್ತಿದೆ’ ಎಂಬ ಎಷ್ಟೋ ಜಗಳಗಳು ಈ ಎಂಟರ ಭಾಗಾಕಾರದಲ್ಲೇ ಮುಗಿದುಹೋಗುತ್ತವೆ. ಅಳೆಯುವ ಮುನ್ನ ಅಳತೆಗೋಲು ಯಾವುದೆಂದು ತಿಳಿದಿರಬೇಕು.

ಮುನ್ನೂರು ಸಣ್ಣ ಸಂಖ್ಯೆಯೇನಲ್ಲ. 1986ರಲ್ಲಿ ಆರಂಭವಾದ ‘ಅರ್ನೆಟ್’ ಯೋಜನೆ ದೇಶದ ಕೆಲವೇ ವಿದ್ಯಾಸಂಸ್ಥೆಗಳನ್ನು ಒಂದು ಜಾಲಕ್ಕೆ ಪೋಣಿಸಲು ಹೊರಟಾಗ, ರಾಜಾಜಿನಗರದಿಂದ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದಾಗಿತ್ತು. ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸೇವೆ ಆರಂಭಿಸಿದ ಮೇಲೆ. ಆಗ ಫೋನಿನ ತಂತಿಗೆ ಮೋಡೆಮ್ ಸಿಕ್ಕಿಸಿ, ಅದು ಕಿರ್ರೋ ಎಂದು ಕೂಗಿ ಸಂಪರ್ಕ ಸಾಧಿಸುವವರೆಗೆ ಕಾಯಬೇಕಿತ್ತು. ಅಂಥ ಮೋಡೆಮ್‌ಗಳು ಮುಟ್ಟಿದ ಗರಿಷ್ಠ ವೇಗ ಸೆಕೆಂಡಿಗೆ 56 ಕಿಲೋಬಿಟ್. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕಿಲೋಬಿಟ್ ಇದ್ದರೆ ಅದು ಬ್ರಾಡ್‌ಬ್ಯಾಂಡ್! 2013ರಲ್ಲಿ ಆ ಕನಿಷ್ಠ ಮಿತಿ 512 ಕಿಲೋಬಿಟ್‌ಗೂ, 2023ರಲ್ಲಿ 2 ಮೆಗಾಬಿಟ್‌ಗೂ ಏರಿತು. ಇಂದಿನ 300 ಮೆಗಾಬಿಟ್ ಎಂದರೆ ಅಂದಿನ ಮೋಡೆಮ್‌ನ ಐದು ಸಾವಿರ ಪಟ್ಟಿಗೂ ಹೆಚ್ಚು.

ಹಾಗಿದ್ದೂ ಒಂದು ಪಾಠ ಸರಾಗವಾಗಿ ಸಾಗುವುದಿಲ್ಲವೆಂದರೆ?

ಸಂಪು, ಟ್ಯಾಂಕು, ನಲ್ಲಿ

ನೀರಿನ ಉದಾಹರಣೆ ಬೆಂಗಳೂರಿನವರಿಗೆ ಬೇಗ ಅರ್ಥವಾದೀತು. ಬೀದಿಯ ಕೊಳವೆಯಿಂದ ನೀರು ಸಂಪಿಗೆ ಬೀಳುತ್ತದೆ, ಅಲ್ಲಿಂದ ಮೋಟಾರಿನ ಮೂಲಕ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಪೈಪಿನಲ್ಲಿ ನಲ್ಲಿಗೆ. ಬಚ್ಚಲಿನ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಜಾಣೆಯಾದ ಗೃಹಿಣಿ ನೇರವಾಗಿ ಜಲಮಂಡಳಿಗೆ ಫೋನು ಮಾಡುವುದಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಾಳೆ. ಅಲ್ಲಿ ಚೆನ್ನಾಗಿ ಬಂದರೆ ದೋಷ ಬಚ್ಚಲಿನ ಪೈಪಿನದ್ದು. ಅಲ್ಲೂ ಬಾರದಿದ್ದರೆ ಟ್ಯಾಂಕು ನೋಡಬೇಕು, ಆಮೇಲೆ ಸಂಪು, ಕೊನೆಗೆ ಬೀದಿ.

ಇಂಟರ್‌ನೆಟ್ಟಿಗೂ ಇದೇ ದಾರಿ. ಬೀದಿಯಿಂದ ಬರುವ ಗಾಜಿನ ಎಳೆ ಮನೆಯೊಳಗೆ ಗೋಡೆಗೆ ಮೊಳೆ ಹೊಡೆದ ಒಂದು ಪುಟ್ಟ ಪೆಟ್ಟಿಗೆಗೆ ಸೇರುತ್ತದೆ. ಅದರಿಂದ ಅಥವಾ ಅದರೊಳಗೇ ಇರುವ ರೌಟರ್‌ನಿಂದ ಲ್ಯಾನ್ ಕೇಬಲ್ ಹೊರಟು ಕೋಣೆಯ ಕಂಪ್ಯೂಟರ್ ಮುಟ್ಟುತ್ತದೆ. ದೋಷ ಈ ಸರಪಳಿಯ ಯಾವ ಕೊಂಡಿಯಲ್ಲೂ ಇರಬಹುದು. ಎಲ್ಲವನ್ನೂ ಒಟ್ಟಿಗೆ ಕೆದಕಿದರೆ ಏನೂ ತಿಳಿಯದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಬೇಕು. ಹಳೆಯ ಲೈನ್‌ಮನ್‌ಗಳ ಸೂತ್ರವೂ ಇದೇ: ‘ಲೈನನ್ನು ಅರ್ಧಕ್ಕೆ ನಿಲ್ಲಿಸು. ದೋಷ ಈಚೆ ಇದೆಯೋ ಆಚೆ ಇದೆಯೋ ನೋಡು.’

ತಾತ ಮೊಮ್ಮಗಳ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ‘ಪುಟ್ಟಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ವೇಗ ಅಳೆದು ಇದರಲ್ಲಿ ಬರಿ.’ ಎರಡು ದಿನ ಬರೆದಳು. ಬೆಳಿಗ್ಗೆ 94, ಮಧ್ಯಾಹ್ನ 94, ರಾತ್ರಿ 94. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

‘ನೋಡಿದ್ಯಾ? ಬೀದಿಯಲ್ಲಿ ಗದ್ದಲವಿದ್ದಿದ್ದರೆ ರಾತ್ರಿ ಕಡಿಮೆ, ಬೆಳಗಿನ ಜಾವ ಹೆಚ್ಚು ಬರಬೇಕಿತ್ತು. ಮೂರು ಹೊತ್ತೂ ಒಂದೇ ಸಂಖ್ಯೆ ಬಂದರೆ ಅದು ಗದ್ದಲವಲ್ಲ, ಗೋಡೆ.’

ತೊಂಬತ್ನಾಲ್ಕರ ಗುಟ್ಟು

ಈ 94 ಎಲ್ಲಿಂದ ಬಂತು? ಇದಕ್ಕೆ ಐವತ್ತು ವರ್ಷಗಳ ಹಿಂದಕ್ಕೆ ಹೋಗಬೇಕು. 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬ ತಂತ್ರಜ್ಞರು ಒಂದೇ ಕಟ್ಟಡದ ಕಂಪ್ಯೂಟರ್‌ಗಳು ಒಂದರೊಡನೊಂದು ಮಾತಾಡುವ ವಿಧಾನ ರೂಪಿಸಿದರು. ಅದಕ್ಕೆ ಈಥರ್‌ನೆಟ್ ಎಂದು ಹೆಸರಿಟ್ಟರು. ಅದರ ಮೊದಲ ವೇಗ ಸೆಕೆಂಡಿಗೆ 3 ಮೆಗಾಬಿಟ್‌ಗೂ ತುಸು ಕಡಿಮೆ. 1983ರಲ್ಲಿ ಪ್ರಮಾಣೀಕೃತ ನಿಯಮಾವಳಿ ಬಂದಾಗ 10, 1995ರಲ್ಲಿ 100, 1999ರಲ್ಲಿ ಇಂದಿನ ಮಾದರಿಯ ತಾಮ್ರದ ಕೇಬಲ್ ಮೇಲೆಯೇ 1000 ಮೆಗಾಬಿಟ್. ಮೆಟ್‌ಕಾಫ್ ಅವರಿಗೆ ಕಂಪ್ಯೂಟರ್ ಕ್ಷೇತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2022ನೇ ಸಾಲಿಗೆ ದೊರೆಯಿತು. ಮನೆಯ ಲ್ಯಾನ್ ಕೇಬಲ್ ಇಂದಿಗೂ ಅದೇ ವಂಶದ ಕುಡಿ.

ಮನೆಗಳಲ್ಲಿರುವ ಸಾಮಾನ್ಯ ಕಂಪ್ಯೂಟರ್ ಮತ್ತು ರೌಟರ್ ಕೇಬಲ್ ಸಿಕ್ಕಿಸಿದ ಕೂಡಲೇ ತಮ್ಮೊಳಗೆ ಮಾತುಕತೆ ನಡೆಸಿ, ಇಬ್ಬರಿಗೂ ಸಾಧ್ಯವಾದ ಅತಿ ಹೆಚ್ಚಿನ ಮೆಟ್ಟಿಲಿನಲ್ಲಿ ನಿಲ್ಲುತ್ತವೆ: 10, 100 ಅಥವಾ 1000. ನಡುವೆ 300ರ ಮೆಟ್ಟಿಲಿಲ್ಲ! ಸಾವಿರಕ್ಕೆ ಏರಲಾಗದಿದ್ದರೆ ನೂರಕ್ಕೆ ಇಳಿಯಬೇಕು. ಆ ನೂರೂ ಪೂರ್ತಿ ಕೈಗೆ ಸಿಗುವುದಿಲ್ಲ. ಅಂಚೆಯಲ್ಲಿ ಕಾಗದದ ಜತೆ ಲಕೋಟೆಯ ತೂಕವೂ ಸೇರುವಂತೆ, ಮಾಹಿತಿಯ ಪ್ರತಿ ಪೊಟ್ಟಣದ ಮೇಲೂ ವಿಳಾಸ, ಮುದ್ರೆ, ನಡುವಿನ ಬಿಡುವು ಇರುತ್ತವೆ. ತಂತಿಯ ಮೇಲೆ 1538 ಬೈಟ್ ಸಾಗಿದರೆ ಒಳಗಿನ ಕಾಗದ ಹೆಚ್ಚೆಂದರೆ 1460 ಬೈಟ್. ಅಂದರೆ ನೂರಕ್ಕೆ ಸುಮಾರು 95. ಹಾಗಾಗಿ ವೇಗದ ಪರೀಕ್ಷೆಯಲ್ಲಿ 94ರ ಆಸುಪಾಸಿನ ಸಂಖ್ಯೆ ಅಲುಗಾಡದೆ ನಿಂತಿದ್ದರೆ, ಮನೆಯೊಳಗೆ ಎಲ್ಲೋ ಒಂದು ಕೊಂಡಿ ನೂರರ ಮೆಟ್ಟಿಲಿಗೆ ಜಾರಿದೆ ಎಂದು ತಿಳಿಯಬೇಕು.

ಯಾವ ಕೊಂಡಿ? ತಾತ ಅಪ್ಪನ ಲ್ಯಾಪ್‌ಟಾಪನ್ನು ಹಾಲಿನಲ್ಲಿದ್ದ ರೌಟರ್‌ಗೆ ಒಂದು ಮೀಟರಿನ ಕೇಬಲ್‌ನಿಂದ ನೇರವಾಗಿ ಸಿಕ್ಕಿಸಿದರು. 288 ಬಂತು. ಕಂಪನಿಯವರು ಆ ಕ್ಷಣಕ್ಕೇ ಆರೋಪಮುಕ್ತರಾದರು! ಅದೇ ಲ್ಯಾಪ್‌ಟಾಪನ್ನು ಮಹಡಿಗೆ ಒಯ್ದು ಮಗಳ ಕೋಣೆಯ ಕೇಬಲ್‌ಗೆ ಸಿಕ್ಕಿಸಿದಾಗ ಮತ್ತೆ 94. ಹಾಗಾದರೆ ಮಗಳ ಕಂಪ್ಯೂಟರ್ ನಿರಪರಾಧಿ. ಕೇಬಲ್‌ನ ಕೆಳ ತುದಿಯನ್ನು ರೌಟರಿನ ಬೇರೆ ಕಿಂಡಿಗೆ ಬದಲಾಯಿಸಿದರು. ಆಗಲೂ 94. ಕಿಂಡಿಯೂ ನಿರಪರಾಧಿ. ಉಳಿದದ್ದು ಕೇಬಲ್ ಒಂದೇ.

ಎಂಟು ಎಳೆಗಳ ಕಥೆ

ಲ್ಯಾನ್ ಕೇಬಲ್ಲಿನ ಹೊರಸಿಪ್ಪೆ ಸುಲಿದರೆ ಒಳಗೆ ಎಂಟು ಸಣ್ಣ ತಂತಿಗಳು, ಎರಡೆರಡು ಜಡೆಯಂತೆ ಹೆಣೆದುಕೊಂಡು ನಾಲ್ಕು ಜೋಡಿಯಾಗಿರುತ್ತವೆ. ಈ ಹೆಣಿಗೆ ಅಲಂಕಾರಕ್ಕಲ್ಲ. ಪಕ್ಕದ ತಂತಿಗಳಿಂದ, ಮನೆಯ ವಿದ್ಯುತ್ ವೈರುಗಳಿಂದ ಬರುವ ತೊಂದರೆ ಜೋಡಿಯ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ಪರಸ್ಪರ ರದ್ದಾಗಲೆಂದು ಈ ಉಪಾಯ. ನೂರರ ವೇಗಕ್ಕೆ ಎರಡು ಜೋಡಿ ಸಾಕು: 1, 2, 3 ಮತ್ತು 6ನೇ ಎಳೆಗಳು. ಸಾವಿರದ ವೇಗಕ್ಕೆ ನಾಲ್ಕೂ ಜೋಡಿ, ಎಂಟೂ ಎಳೆ ಬೇಕೇ ಬೇಕು. ಉಳಿದ ನಾಲ್ಕರಲ್ಲಿ ಒಂದು ತುಂಡಾದರೂ ಸಾವಿರ ಸಿಗದು. ಆಗ ಹೆಚ್ಚಿನ ಯಂತ್ರಗಳು ಸದ್ದಿಲ್ಲದೆ ನೂರಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಪುಟ ತೆರೆಯುತ್ತದೆ, ಚಿತ್ರ ಬರುತ್ತದೆ. ದೀಪ ಮಿನುಗುತ್ತಲೇ ಇರುತ್ತದೆ. ಕಾಲಿಗೆ ಮುಳ್ಳು ಚುಚ್ಚಿಕೊಂಡೇ ನಡೆಯುವ ಮನುಷ್ಯನಂತೆ!

ಇದನ್ನು ತಿಳಿಯಲು ತಂತ್ರಜ್ಞ ಬೇಕಿಲ್ಲ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ಲಿಂಕ್ ಸ್ಪೀಡ್’ ಎಂಬ ಸಾಲು ಇರುತ್ತದೆ. ಅಲ್ಲಿ 1000 ಇದ್ದರೆ ಸರಿ, 100 ಇದ್ದರೆ ಹುಡುಕಾಟ ಶುರು ಮಾಡಬಹುದು. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಸಣ್ಣ ಕೇಬಲ್ ಟೆಸ್ಟರ್ ಎಂಟು ಎಳೆಗಳಿಗೂ ಒಂದೊಂದು ದೀಪ ಹೊತ್ತಿಸಿ ತೋರಿಸುತ್ತದೆ. ಈ ಮನೆಯಲ್ಲಿ ಏಳನೆಯ ದೀಪ ಹೊತ್ತಲೇ ಇಲ್ಲ. ಕೇಬಲ್ಲಿನ ಜಾಡು ಹಿಡಿದು ಹೋದಾಗ ಕಾರಣವೂ ಸಿಕ್ಕಿತು. ಮಹಡಿಯ ಬಾಲ್ಕನಿ ಬಾಗಿಲಿನ ಚೌಕಟ್ಟಿನ ಸಂದಿಯಲ್ಲಿ ಕೇಬಲ್ ತೂರಿಸಿದ್ದರು. ಬಾಗಿಲು ಹಾಕಿದಾಗಲೆಲ್ಲ ಅದು ನಜ್ಜುಗುಜ್ಜಾಗಿ, ಒಳಗಿನ ಒಂದು ಎಳೆ ತುಂಡಾಗಿತ್ತು.

ಹೊಸ ಕೇಬಲ್ ಕೊಳ್ಳುವಾಗ ಕೆಲವು ಸಂಗತಿ ನೆನಪಿರಲಿ. ಸಿಪ್ಪೆಯ ಮೇಲೆ ಅಚ್ಚಾಗಿರುವುದನ್ನು ಓದಬೇಕು. ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ಎಂದಿದ್ದರೆ 100 ಮೀಟರ್ ದೂರದವರೆಗೆ ಸಾವಿರದ ವೇಗ ಸಾಗಬಲ್ಲದು. ಯಾವ ಸೈಟಿನ ಮನೆಗೂ ಅಷ್ಟು ಸಾಕು. ಆದರೆ ಅಗ್ಗದ ಕೆಲವು ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಮಾತ್ರ ಇರುತ್ತದೆ. ಅವುಗಳ ಮೇಲೆ ‘ಸಿಸಿಎ’ ಎಂಬ ಮೂರಕ್ಷರ ಇರುವುದುಂಟು. ಅಲ್ಯೂಮಿನಿಯಂನ ವಿದ್ಯುದ್ವಾಹಕತೆ ತಾಮ್ರದ ಶೇಕಡ 61ರಷ್ಟೇ; ಜತೆಗೆ ಬಾಗಿಸಿದರೆ ಬೇಗ ಮುರಿಯುತ್ತದೆ. ಇಂಥ ಕೇಬಲ್‌ಗೆ ಈಥರ್‌ನೆಟ್ ಕೇಬಲ್ಲಿನ ಪ್ರಮಾಣಗಳಲ್ಲಿ ಮಾನ್ಯತೆಯಿಲ್ಲ. ಅಪ್ಪಟ ತಾಮ್ರದ್ದನ್ನೇ ಕೇಳಿ ತರಬೇಕು.

ತುದಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕುವ ಕೆಲಸ, ಅಂದರೆ ಕ್ರಿಂಪಿಂಗ್, ಹೈಸ್ಕೂಲು ಮಕ್ಕಳೂ ಕಲಿಯಬಹುದಾದದ್ದು. ಹೆಚ್ಚು ಬಳಕೆಯಲ್ಲಿರುವ ಬಣ್ಣಗಳ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮವಿರಬೇಕು. ‘ಎರಡು ಕಡೆಯೂ ಒಂದೇ ಥರ ಇದ್ದರಾಯ್ತು’ ಎಂದು ಮನಸ್ಸಿಗೆ ಬಂದ ಕ್ರಮದಲ್ಲಿ ಜೋಡಿಸಿದರೆ ಟೆಸ್ಟರಿನ ಎಂಟೂ ದೀಪ ಹೊತ್ತಬಹುದು. ಆದರೆ ಹೆಣೆದ ಜೋಡಿಗಳು ಅಗಲಿಹೋಗಿ ಸಂಕೇತಗಳು ಒಂದರೊಳಗೊಂದು ಬೆರೆಯುತ್ತವೆ. ಕ್ಲಿಪ್ಪಿನ ಬಳಿ ಹೆಣಿಗೆಯನ್ನು ಅಗತ್ಯಕ್ಕಿಂತ ಹೆಚ್ಚು ಬಿಚ್ಚಬಾರದೆಂಬುದಕ್ಕೂ ಇದೇ ಕಾರಣ.

ಬೇರೆ ಮನೆಗಳಲ್ಲಿ ಬೇರೆ ಅಪರಾಧಿ ಇರಬಹುದು. ರೌಟರೇ ಹಳೆಯದಾಗಿ ಅದರ ಕಿಂಡಿಗಳಿಗೆ ನೂರು ದಾಟುವ ಶಕ್ತಿ ಇಲ್ಲದಿರಬಹುದು. ಇಂದಿಗೂ ಕಡಿಮೆ ಬೆಲೆಯ ಹಲವು ರೌಟರ್‌ಗಳದ್ದು ಇದೇ ಹಣೆಬರಹ. ಕಪಾಟಿನ ಹಿಂದೆ ಮರೆತುಹೋದ ಹತ್ತು ವರ್ಷದ ಹಳೆಯ ಸ್ವಿಚ್ ಪೆಟ್ಟಿಗೆ ದಾರಿಯಲ್ಲಿ ಕುಳಿತಿರಬಹುದು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಅಗ್ಗದ ಯುಎಸ್‌ಬಿ ಅಡಾಪ್ಟರ್ ನೂರರದ್ದೇ ಆಗಿರಬಹುದು. ಕಂಪ್ಯೂಟರಿಗೇ ವಯಸ್ಸಾಗಿ, ವೇಗ ಬಂದರೂ ಬಳಸಿಕೊಳ್ಳುವ ತ್ರಾಣ ಇಲ್ಲದಿರಬಹುದು. ಮನೆ ಯಾವುದಾದರೂ ವಿಧಾನ ಒಂದೇ: ಒಂದನ್ನು ಬದಲಾಯಿಸು, ಅಳೆ, ಬರೆದುಕೋ.

ಮತ್ತೆ ಎಂಟು ಗಂಟೆ!

ಹೊಸ ತಾಮ್ರದ ಕೇಬಲ್ ಬಂತು. ಬಾಗಿಲಿನ ಸಂದಿ ಬಿಟ್ಟು, ಹಳೆಯ ಟಿ.ವಿ. ವೈರಿನ ಖಾಲಿ ಪೈಪಿನಲ್ಲಿ ಅದನ್ನು ಎಳೆದರು. ಮಹಡಿಯಲ್ಲಿ 286! ಅಪ್ಪನ ಮುಖ ಅರಳಿತು. ಆದರೆ ಅಂದು ರಾತ್ರಿ ಎಂಟಕ್ಕೆ ಪಾಠ ಶುರುವಾದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಮತ್ತೆ ಬಾಯಿ ತೆರೆದು ನಿಂತರು.

ಇಲ್ಲೇ ಸೂಕ್ಷ್ಮ ಇರುವುದು. ಸ್ಪಷ್ಟವಾದ ಒಂದು ವಿಡಿಯೊ ಪಾಠಕ್ಕೆ ಸೆಕೆಂಡಿಗೆ ಕೆಲವೇ ಮೆಗಾಬಿಟ್ ಸಾಕು. ಅಂದಮೇಲೆ 94 ಇದ್ದಾಗಲೂ ಪಾಠ ನಿಲ್ಲಬಾರದಿತ್ತು! ರೋಗಗಳು ಎರಡಿದ್ದವು, ಮನೆಯವರು ಒಂದೆಂದು ಭಾವಿಸಿದ್ದರು. ವೇಗ ಬೇರೆ, ವಿಳಂಬ ಬೇರೆ. ಮೈಸೂರು ರಸ್ತೆ ಎಷ್ಟು ಅಗಲವಿದೆ ಎಂಬುದು ಒಂದು ಪ್ರಶ್ನೆ. ಕೆಂಗೇರಿಯಿಂದ ಹೊರಟ ಬಸ್ಸು ಎಷ್ಟು ಹೊತ್ತಿಗೆ ಮೆಜೆಸ್ಟಿಕ್ ಮುಟ್ಟುತ್ತದೆ ಎಂಬುದು ಇನ್ನೊಂದು ಪ್ರಶ್ನೆ.

ವಿಳಂಬವನ್ನು ಅಳೆಯಲು ಎಲ್ಲ ಕಂಪ್ಯೂಟರ್‌ಗಳಲ್ಲೂ ‘ಪಿಂಗ್’ ಎಂಬ ಪುಟ್ಟ ಆದೇಶವಿದೆ. ಅದು ಒಂದು ಪೊಟ್ಟಣ ಕಳಿಸಿ, ಅದರ ಉತ್ತರ ಎಷ್ಟು ಮಿಲಿಸೆಕೆಂಡಿಗೆ ಬಂತೆಂದು ಹೇಳುತ್ತದೆ. ಮೊದಲು ಮನೆಯ ರೌಟರ್‌ಗೆ, ಆಮೇಲೆ ಹೊರಗಿನ ಒಂದು ತಾಣಕ್ಕೆ ಪಿಂಗ್ ಮಾಡಬೇಕು. ರೌಟರ್‌ನಿಂದಲೇ ಉತ್ತರ ತಡವಾದರೆ ಅಥವಾ ಬಾರದಿದ್ದರೆ ದೋಷ ಮನೆಯ ಕೇಬಲ್ಲಿನಲ್ಲಿ. ರೌಟರ್ ಬೇಗ ಉತ್ತರಿಸಿ ಹೊರಗಿನದು ತಡವಾದರೆ ದೋಷ ರೌಟರ್‌ನಿಂದಾಚೆ ಹೊರಡುವ ಹಾದಿಯಲ್ಲಿ. ಈ ಮನೆಯಲ್ಲಿ ರೌಟರ್‌ಗೆ ಒಂದೇ ಮಿಲಿಸೆಕೆಂಡ್. ಹೊರಗಿನ ತಾಣಕ್ಕೆ ಏಳೂವರೆಗೆ 8 ಇದ್ದದ್ದು ಎಂಟು ದಾಟಿದ ಮೇಲೆ 400 ಮೀರಿತು.

‘ಎಂಟು ಗಂಟೆಗೆ ಈ ಮನೆಯಲ್ಲಿ ಏನಾಗುತ್ತೆ?’ ಎಂದರು ತಾತ.

‘ಅಪ್ಪ ಆಫೀಸಿಂದ ಬರ್ತಾರೆ’ ಎಂದಳು ಮೊಮ್ಮಗಳು.

ಅಪ್ಪ ಬಂದು ಲ್ಯಾಪ್‌ಟಾಪ್ ತೆರೆದು ಮೇಜಿನ ಮೇಲಿಡುತ್ತಿದ್ದರು. ಅದು ದಿನವಿಡೀ ಸೇರಿದ ಕಡತಗಳನ್ನೂ, ಜೇಬಿನ ಫೋನು ಅಂದಿನ ಫೋಟೊ-ವಿಡಿಯೊಗಳನ್ನೂ ದೂರದ ಸಂಗ್ರಹಕ್ಕೆ ತಾವಾಗಿಯೇ ಕಳಿಸತೊಡಗುತ್ತಿದ್ದವು. ಹೊರಹೋಗುವ ಹಾದಿ ತುಂಬಿದಾಗ ರೌಟರ್ ಪೊಟ್ಟಣಗಳನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಮಗಳ ಕಂಪ್ಯೂಟರ್ ಕಳಿಸುವ ಚಿಕ್ಕ ಚಿಕ್ಕ ಸಂದೇಶಗಳೂ ಆ ಉದ್ದ ಸಾಲಿನ ಕೊನೆಯಲ್ಲೇ ನಿಲ್ಲಬೇಕು. ‘ಇಲ್ಲಿಯವರೆಗಿನ ಪಾಠ ತಲುಪಿತು, ಮುಂದಿನದು ಬರಲಿ’ ಎಂಬ ಒಪ್ಪಿಗೆ ತಡವಾದರೆ ಮುಂದಿನ ಪಾಠವೂ ತಡವಾಗುತ್ತದೆ. ರೇಷನ್ ಅಂಗಡಿಯಲ್ಲಿ ಹತ್ತು ಮೂಟೆ ಒಯ್ಯುವವನ ಹಿಂದೆ ಒಂದು ಬೆಂಕಿಪೊಟ್ಟಣಕ್ಕೆ ಬಂದ ಹುಡುಗಿ ನಿಂತಂತೆ! ಅಪ್ಪನ ಲ್ಯಾಪ್‌ಟಾಪ್ ಮುಚ್ಚಿ, ಫೋನಿನ ವೈ-ಫೈ ಆರಿಸಿದ ಕೂಡಲೇ 400 ಮತ್ತೆ 8ಕ್ಕೆ ಇಳಿಯಿತು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ಅಪ್ಪ ನಾಚಬೇಕಿಲ್ಲ. ಇಂಟರ್‌ನೆಟ್ ತಂತ್ರಜ್ಞಾನದಲ್ಲಿ ಪಳಗಿದ ಅಮೆರಿಕದ ಜಿಮ್ ಗೆಟಿಸ್ ಅವರಿಗೂ 2010ರಲ್ಲಿ ಇದೇ ಅನುಭವವಾಯಿತು. ಅವರ ಮನೆಯಿಂದ ದೊಡ್ಡ ಕಡತಗಳು ಹೊರಗೆ ಹೋಗುವಾಗ ಉಳಿದೆಲ್ಲವೂ ಸ್ತಬ್ಧವಾಗುತ್ತಿತ್ತು. ಕಾರಣ ಕೆದಕಿದ ಅವರು, ಯಂತ್ರಗಳಲ್ಲಿ ಅತಿಯಾಗಿ ಉಬ್ಬಿದ ಈ ಕಾಯುವ ಸಾಲಿನತ್ತ ಲೋಕದ ಗಮನ ಸೆಳೆದರು. ‘ಬಫರ್‌ಬ್ಲೋಟ್’ ಎಂಬ ಹೆಸರು ಹೀಗೆ ಪ್ರಚಾರಕ್ಕೆ ಬಂತು. ಪರಿಹಾರ ಎರಡು ಬಗೆ. ಕಡತ ಕಳಿಸುವ ಕೆಲಸವನ್ನು ಎಲ್ಲರೂ ಮಲಗಿದ ಮೇಲೆ ನಡೆಯುವಂತೆ ಸಮಯ ನಿಗದಿ ಮಾಡುವುದು ಒಂದು. ರೌಟರ್‌ನಲ್ಲಿ ‘ಕ್ಯೂಒಎಸ್’ ಎಂಬ ಸೌಲಭ್ಯವಿದ್ದರೆ, ಹೊರಹೋಗುವ ವೇಗಕ್ಕೆ ಪ್ಲಾನಿನ ಮಿತಿಗಿಂತ ತುಸು ಕಡಿಮೆ ಕಟ್ಟು ಹಾಕುವುದು ಇನ್ನೊಂದು. ಆಗ ಸಾಲು ಬೆಳೆಯುವುದೇ ಇಲ್ಲ.

ಬೀದಿಯಲ್ಲೇ ದೋಷವಿದ್ದರೆ?

ರೌಟರ್‌ಗೆ ನೇರವಾಗಿ ಸಿಕ್ಕಿಸಿದಾಗಲೂ ವೇಗ ಬಾರದಿದ್ದರೆ ಆಗ ಬೀದಿಯ ಕಡೆ ನೋಡಬೇಕು. ವಿಜಯನಗರವಾಗಲಿ ರಾಜಾಜಿನಗರವಾಗಲಿ, ತಲೆ ಎತ್ತಿದರೆ ಕಂಬದಿಂದ ಮರಕ್ಕೆ, ಮರದಿಂದ ಮಹಡಿಗೆ ತೂಗುವ ಕಪ್ಪು ಕೇಬಲ್‌ಗಳ ತೋರಣ. ಅದರೊಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಸಾಗುವ ಅದರ ತಿರುಳು ಸುಮಾರು 9 ಮೈಕ್ರಾನ್ ಮಾತ್ರ. ಮೇಷ್ಟ್ರು ಹೇಳುತ್ತಿದ್ದ ಪೂರ್ಣ ಆಂತರಿಕ ಪ್ರತಿಫಲನವೇ ಆ ಬೆಳಕನ್ನು ಎಳೆಯೊಳಗೆ ಹಿಡಿದಿಡುವುದು! ಎಳೆಯನ್ನು ಸೋಫಾದ ಹಿಂದೆ ಚೂಪಾಗಿ ಮಡಿಸಿದರೆ ಕ್ರಾಂತಿ ಕೋನದ ಲೆಕ್ಕ ತಪ್ಪಿ ಬೆಳಕು ಹೊರಕ್ಕೆ ಸೋರುತ್ತದೆ. ಪಠ್ಯಪುಸ್ತಕದ ಪಾಠ ಮನೆಯ ಗೋಡೆಯ ಮೇಲೇ ಇದೆ.

ಪೆಟ್ಟಿಗೆಯ ಮೇಲೆ ‘ಲಾಸ್’ ಎಂಬ ಕೆಂಪು ದೀಪ ಹೊತ್ತಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಹಲವು ಪೆಟ್ಟಿಗೆಗಳ ಸೆಟ್ಟಿಂಗ್ ಪುಟದಲ್ಲಿ ಬರುತ್ತಿರುವ ಬೆಳಕಿನ ಬಲವನ್ನು ‘ಡಿಬಿಎಂ’ ಎಂಬ ಮಾನದಲ್ಲಿ ತೋರಿಸುತ್ತಾರೆ. ಮನೆಗಳಲ್ಲಿ ವ್ಯಾಪಕವಾಗಿರುವ ಜಿಪಾನ್ ಬಗೆಯ ಸಂಪರ್ಕದಲ್ಲಿ ಸಾಮಾನ್ಯವಾಗಿ ಅದು ಮೈನಸ್ 8 ಮತ್ತು ಮೈನಸ್ 27ರ ನಡುವೆ ಇರಬೇಕು. ಇದು ಲಾಗರಿದಮ್ ಲೆಕ್ಕ: 3 ಅಂಕ ಇಳಿದರೆ ಬೆಳಕು ಅರ್ಧ, 10 ಇಳಿದರೆ ಹತ್ತನೇ ಒಂದು ಭಾಗ. ಮೈನಸ್ 27 ಎಂದರೆ ಒಂದು ವಾಟಿನ ಹತ್ತು ಲಕ್ಷದ ಎರಡು ಭಾಗ! ಅದಕ್ಕಿಂತ ಕೆಳಗಿಳಿದರೆ ಕಂಪನಿಯವರನ್ನು ಕರೆಯಲೇಬೇಕು. ಇದೇ ಬಗೆಯ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದೂ ಉಂಟು. ರಾತ್ರಿ ಮಾತ್ರ ವೇಗ ಕುಸಿದು ಬೆಳಿಗ್ಗೆ ಸರಿಹೋಗುವುದಾದರೆ ಹಂಚಿಕೆಯ ಹಾದಿಯಲ್ಲಿ ಎಲ್ಲೋ ಗದ್ದಲವಿದೆ ಎನ್ನಬಹುದು.

ದೂರು ಕೊಡುವಾಗ ‘ನೆಟ್ ಸ್ಲೋ ಇದೆ’ ಎಂದರೆ ಸಾಲದು. ‘ರೌಟರ್‌ಗೆ ನೇರ ಕೇಬಲ್, ಇಂಥ ದಿನ, ಇಂಥ ಗಂಟೆ, ಇಷ್ಟು ವೇಗ’ ಎಂಬ ನೋಟ್‌ಬುಕ್ಕಿನ ಪುಟ ಮುಂದಿಟ್ಟರೆ ಮಾತಿಗೆ ತೂಕ ಬರುತ್ತದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. 2012ರ ಟ್ರಾಯ್ ನಿಯಮಗಳ ಪ್ರಕಾರ ಕಂಪನಿಯ ದೂರು ಕೇಂದ್ರದಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವಿದೆ.

ಎಚ್ಚರಿಕೆಯ ಎರಡು ಮಾತು. ಗಾಜಿನ ಎಳೆಯ ತುದಿಯನ್ನು ಮಕ್ಕಳು ಬಿಚ್ಚಿ ಕಣ್ಣಿಟ್ಟು ನೋಡಬಾರದು. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕು. ಮನೆಯ ಹೊರಗೋಡೆ, ತಾರಸಿಯ ಮೇಲೆ ತಾಮ್ರದ ಲ್ಯಾನ್ ಕೇಬಲ್ ಹಾಯಿಸಿದ್ದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುನ್ನವೇ ಅದನ್ನು ಬಿಚ್ಚಿಡುವುದು ಕ್ಷೇಮ. ಸಿಡಿಲು ದೂರದಲ್ಲಿ ಬಡಿದರೂ ತಂತಿಗುಂಟ ಒಳನುಗ್ಗಿ ಯಂತ್ರಗಳನ್ನು ಸುಡಬಲ್ಲದು.

ಮರುದಿನ ರಾತ್ರಿ ಎಂಟು ಗಂಟೆ. ಕುಕ್ಕರ್ ಕೂಗುತ್ತಿದೆ. ಅಪ್ಪನ ಲ್ಯಾಪ್‌ಟಾಪ್ ಇನ್ನು ಮುಂದೆ ರಾತ್ರಿ ಒಂದಕ್ಕೆ ತನ್ನ ಮೂಟೆ ಹೊರಲಿದೆ. ಮಹಡಿಯಲ್ಲಿ ಮೇಷ್ಟ್ರು ಕ್ರಾಂತಿ ಕೋನದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಮುಗಿಸಿದರು. ಮಗಳು ಕೆಳಗಿಳಿದು ಬಂದು ನೋಟ್‌ಬುಕ್ಕನ್ನು ತಾತನ ಮುಂದೆ ಹಿಡಿದಳು. ಕೊನೆಯ ಸಾಲಿನಲ್ಲಿ ಬರೆದಿತ್ತು: ‘ರಾತ್ರಿ 8.40. ವೇಗ 286. ಪಿಂಗ್ 8. ಪಾಠ ಒಮ್ಮೆಯೂ ನಿಲ್ಲಲಿಲ್ಲ.’

ತಾತ ಕನ್ನಡಕ ಸರಿಮಾಡಿಕೊಂಡು ಓದಿ ನಕ್ಕರು. ‘ನಿನ್ನ ಪ್ರಾಕ್ಟಿಕಲ್ಸ್ ಪುಸ್ತಕದಲ್ಲೂ ಹೀಗೇ ಬರಿ, ಪುಟ್ಟಿ. ಪೂರ್ತಿ ಅಂಕ ಬರುತ್ತೆ.’